ತಿಕೋಟಾ ಬಸ್ಸಿನ ಆ ಮನುಷ್ಯ ಕುಡಿದಿರಲಿಲ್ಲ

ಎರಡು ವಾರದ ಹಿಂದೆ ಇದೇ ಜಾಗದಲ್ಲಿ ನಾನು ಒಬ್ಬ ಮನುಷ್ಯನನ್ನು ಕುಡುಕ ಎಂದು ಬರೆದಿದ್ದೆ. ನೀವು ಓದಿದಿರಿ, ನಕ್ಕಿರಿ. ಗಾಂಧಿ ಚೌಕದ ಚಹಾದಂಗಡಿಯಲ್ಲಿ ಕೆಲವರು ಬೆನ್ನು ಚಪ್ಪರಿಸಿ, "ಮಾಸ್ತರ, ಭಾರೀ ಬರದೀರಿ" ಅಂದಿರಿ. ನಾನೂ ಬೆನ್ನು ಒಡ್ಡಿಕೊಂಡು ನಿಂತಿದ್ದೆ.

ಆ ಮನುಷ್ಯ ಕುಡಿದಿರಲಿಲ್ಲ.

ಇಷ್ಟು ಬರೆದು ಪೆನ್ನು ಮುಚ್ಚಿಟ್ಟರೆ ನನಗೆ ಸುಲಭ. ಆದರೆ ಕುಡುಕ ಅನ್ನುವುದಕ್ಕೆ ಇಡೀ ಅಂಕಣ ಬೇಕಾಗಿತ್ತಲ್ಲ? ಕುಡುಕ ಅಲ್ಲ ಅನ್ನುವುದಕ್ಕೆ ಒಂದೇ ಸಾಲು ಸಾಕೇ? ಹಾಗಾಗಿ ಇವತ್ತು ಪೂರ್ತಿ ಜಾಗ ಅವರಿಗೇ. ನಗಿಸುವ ಮಾತು ಹುಡುಕಬೇಡಿ, ಸಿಗಲಾರದು.

ಆ ಅಂಕಣ ಓದದವರಿಗಾಗಿ ಮೊದಲಿನಿಂದ ಹೇಳುತ್ತೇನೆ. ತಿಕೋಟಾದಲ್ಲಿ ನಮ್ಮ ಅಕ್ಕನ ಮನೆ. ರವಿವಾರ ಅಲ್ಲಿಗೆ ಹೋಗುತ್ತೇನೆ. ಸೋಮವಾರ ಬೆಳಿಗ್ಗೆಯ ಬಸ್ಸು ಹಿಡಿದು ವಿಜಾಪುರಕ್ಕೆ ಬಂದು ನೇರವಾಗಿ ಸಾಲೆಗೆ. (ಆ ಬಸ್ಸು ಕೆಟ್ಟು ನಿಲ್ಲಲಿ ಎಂದು ನನ್ನ ವಿದ್ಯಾರ್ಥಿಗಳು ದೇವರಿಗೆ ಹರಕೆ ಹೊರುತ್ತಾರೆ. ಗೊತ್ತಿದೆ.)

ಅವತ್ತೂ ಹಾಗೆಯೇ ಹೊರಟಿದ್ದೆ. ಸಂಕ್ರಾಂತಿಯ ಮುಂಚಿನ ಚಳಿ. ಬಸ್ಸಿನೊಳಗೆ ಎಲ್ಲರೂ ಕಿವಿಗೆ ಬಟ್ಟೆ ಸುತ್ತಿಕೊಂಡು ಮುದುರಿ ಕೂತಿದ್ದರು. ಇನ್ನೇನು ಹೊರಡಬೇಕು, ಒಬ್ಬರು ಓಡುತ್ತ ಬಂದು ಹತ್ತಿದರು. ಮೂವತ್ತೈದರ ಆಸುಪಾಸಿನ ವಯಸ್ಸು. ತಲೆಗೆ ಹಳದಿ ರುಮಾಲು, ಹೆಗಲಿಗೆ ಒಂದು ಗೋಣಿ ಚೀಲ. ಚೀಲದಿಂದ ಗೌಂಡಿಗಳು ಗೋಡೆಗೆ ಗಿಲಾವು ಮಾಡುವ ಕರಣಿಯ ಹಿಡಿಕೆ ಹೊರಗೆ ಕಾಣುತ್ತಿತ್ತು. ನನ್ನ ಪಕ್ಕದ ಜಾಗ ಖಾಲಿ ಇತ್ತು. ಅಲ್ಲಿ ಕೂತರು.

(ಎರಡು ವಾರದ ಹಿಂದೆ 'ಕೂತ' ಎಂದು ಬರೆದಿದ್ದೆ. ಗಮನಿಸಿದಿರಾ? ನಾನೂ ಗಮನಿಸಿರಲಿಲ್ಲ.)

ಕೂತವರು ಏದುಸಿರು ಬಿಡುತ್ತಿದ್ದರು. ಓಡಿ ಬಂದವರಿಗೆ ಏದುಸಿರು ಸಹಜ. ಆದರೆ ಊರು ದಾಟಿದರೂ ಅದು ನಿಲ್ಲಲಿಲ್ಲ. ಹಣೆಯಿಂದ ಬೆವರು ಇಳಿಯುತ್ತಿತ್ತು, ಅಂಥ ಚಳಿಯಲ್ಲಿ. ಕೆನ್ನೆಗಳು ಕೆಂಪೂ ಅಲ್ಲದ ಕಪ್ಪೂ ಅಲ್ಲದ ಒಂದು ಬಣ್ಣಕ್ಕೆ ತಿರುಗಿದ್ದವು. ಕಂಡಕ್ಟರು ಟಿಕೆಟ್ಟಿಗೆ ಬಂದಾಗ "ವಿಜಾಪುರ" ಎನ್ನಲು ಹೋಗಿ ನಾಲಗೆ ತೊಡರಿತು. ಬಸ್ಸು ಹೊರಳಿದ ಕಡೆಗೆಲ್ಲ ಮೈ ಹೊರಳಿತು. ತಲೆ ಬಂದು ನನ್ನ ಹೆಗಲಿಗೆ ಒರಗಿತು. ನಾನು ಕೊಡವಿದೆ. ಮತ್ತೆ ಒರಗಿತು.

ಆಮೇಲೆ ವಾಂತಿಯಾಯಿತು. ಕಿಟಕಿಯ ಕಡೆ ಕೂತವನು ನಾನು. ಅವರು ಕಿಟಕಿಗೆ ಬಾಗುವಷ್ಟರಲ್ಲಿ ಅರ್ಧ ನನ್ನ ಅಂಗಿಯ ಮೇಲೆ ಬಿತ್ತು. ಹೊಸ ಟೆರಿಲಿನ್ ಅಂಗಿ. ಅಳಿಯ ಮುಂಬಯಿಯಿಂದ ತಂದುಕೊಟ್ಟದ್ದು.

ಹುಳಿ ವಾಸನೆ ಮೂಗಿಗೆ ಬಡಿಯಿತು. ಯಾರು ವಾಂತಿ ಮಾಡಿದರೂ ಹುಳಿ ವಾಸನೆಯೇ ಬರುತ್ತದೆ. ಅದು ನನಗೆ ಗೊತ್ತಿಲ್ಲದ ಸಂಗತಿಯೇ? ಮೂರು ಮಕ್ಕಳನ್ನು ಎತ್ತಿ ಆಡಿಸಿದವನು ನಾನು. ಆದರೆ ಆ ಗಳಿಗೆಯಲ್ಲಿ ನನಗೆ ಬಂದದ್ದು ದಾರೂ ವಾಸನೆ. ನಮ್ಮ ಜಿಲ್ಲೆಯಲ್ಲಿ ಮುಂಬಯಿ ಸರಕಾರದ ಕಾಲದಿಂದ ದಾರೂಬಂದಿ ಇದೆ. ಆದರೂ ಹೊಲದ ಬದುವಿನಲ್ಲಿ ಕಳ್ಳಭಟ್ಟಿ ಇಳಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಾಗಿ ನಮಗೆಲ್ಲ ಒಂದು ಅಭ್ಯಾಸ ಬಿದ್ದಿದೆ. ರುಮಾಲಿನ ಮನುಷ್ಯ ತೂರಾಡಿದರೆ ಅವನಿಗೆ ನಾವು ಕೊಡುವ ಹೆಸರು ಒಂದೇ. ಅದೇ ಒಬ್ಬ ಕೋಟು ಟೋಪಿಯವರು ಹಾಗೆ ಬೆವತು ಒರಗಿದ್ದರೆ? ನಾನೇ ಕೊರಳಿನ ಗುಂಡಿ ಬಿಚ್ಚಿ ಗಾಳಿ ಹಾಕುತ್ತಿದ್ದೆ.

ಎದ್ದು ನಿಂತು ಹೇಳಿದೆ: "ಕಂಡಕ್ಟರ, ಈತ ಕುಡದಾನ. ಹೆಣ್ಣಮಕ್ಕಳು ಕೂತಾರ ಬಸ್ಸಿನ್ಯಾಗ. ಇಳಸ್ರಿ ಈತನ್ನ."

ಕಂಡಕ್ಟರ್ ಹುಸೇನಸಾಬರು ಹಳೆಯ ಪರಿಚಯದವರು. ಬಗ್ಗಿ ಆ ಮುಖ ನೋಡಿದರು. "ಆರಾಮ ಇಲ್ಲ ಅನಸ್ತೈತ್ರಿ ಮಾಸ್ತರ. ವಿಜಾಪುರತನ ಹೋಗ್ಲಿ ಬಿಡ್ರಿ" ಅಂದರು.

ನಾನು ಬಿಡಲಿಲ್ಲ. "ದಾರೂಬಂದಿ ಇದ್ದ ಜಿಲ್ಲಾದಾಗ ಕುಡದವ್ರನ್ನ ಕೂಡಿಸಿಕೊಂಡು ಹೋಗ್ತೀರಿ ಅಂತ ಪೇಪರನ್ಯಾಗ ಬರೀತೇನಿ ನೋಡ್ರಿ" ಅಂದೆ.

ಆಮೇಲೆ ಅವರೇನು ಮಾಡಬೇಕು? ಸೀಟಿ ಊದಿದರು. ಬಸ್ಸು ನಿಂತಿತು.

ಹಳದಿ ರುಮಾಲಿನವರು ಮುಂದಿನ ಸೀಟಿನ ಕಂಬಿ ಹಿಡಿದು ಎದ್ದರು. "ಯಪ್ಪಾ, ನಾ ಕುಡದಿಲ್ರಿ. ಎದಿ ಡವಡವ ಅನ್ನಾಕತ್ತೈತ್ರಿ" ಅಂದರು. ಹಿಂದಿನಿಂದ ಯಾರೋ "ಕುಡದವ್ರೆಲ್ಲಾ ಹಿಂಗ ಅಂತಾರ" ಅಂದರು. ಬಸ್ಸೆಲ್ಲ ನಕ್ಕಿತು. ಅವರು ಚೀಲ ಎದೆಗೆ ಅವುಚಿಕೊಂಡು ಇಳಿದರು. ರಸ್ತೆಯ ಬದಿ ಒಂದು ಬೇವಿನ ಗಿಡ. ಅದರ ಬೊಡ್ಡೆ ಹಿಡಿದು ನಿಂತರು. ಬಸ್ಸು ಹೊರಟಿತು. ನಾನು ಕರವಸ್ತ್ರದಿಂದ ಅಂಗಿ ಒರೆಸುತ್ತಿದ್ದೆ.

ಇದು ನಡೆದದ್ದು. ನಾನು ಬರೆದದ್ದು ಬೇರೆ.

ಬರೆದದ್ದರಲ್ಲಿ ನನ್ನ ಅಂಗಿಯ ಸುದ್ದಿ ಇರಲಿಲ್ಲ. ಸಮಾಜದ ಹಿತದ ಸುದ್ದಿ ಇತ್ತು. ಹುಸೇನಸಾಬರ ಮಾತು ಇರಲಿಲ್ಲ. ಆ ಮನುಷ್ಯ ಎದೆ ಡವಡವ ಅನ್ನುತ್ತಿದೆ ಎಂದದ್ದೂ ಇರಲಿಲ್ಲ. ಇಳಿದ ಮೇಲೆ ಮೈಲಿಗಲ್ಲಿನ ಮುಂದೆ ಕೈಮುಗಿದು, "ನಮಸ್ಕಾರ ಸಾಹೇಬರ, ವಿಜಾಪುರದ ಬಸ್ಸು ಯಾವಾಗ?" ಎಂದು ಕೇಳಿದ ಅಂತ ಬರೆದಿದ್ದೆನಲ್ಲ? ನೀವು ಎಲ್ಲಕ್ಕಿಂತ ಹೆಚ್ಚು ನಕ್ಕದ್ದು ಅಲ್ಲೇ.

ಅದು ನಡೆದಿರಲೇ ಇಲ್ಲ. ನಾನು ಸೇರಿಸಿದ್ದು. ಅಲ್ಲಿ ಮೈಲಿಗಲ್ಲೂ ಇರಲಿಲ್ಲ.

ಅಂಕಣ ಅಚ್ಚಾದ ಮರುದಿನ ಡಾಕ್ಟರ್ ಇನಾಮದಾರರು ಹೇಳಿಕಳಿಸಿದರು, ಸಾಲೆ ಬಿಟ್ಟ ಮೇಲೆ ದವಾಖಾನೆಗೆ ಬಂದು ಹೋಗಿ ಎಂದು. ನಮ್ಮ ಮನೆಯ ಜ್ವರ, ಕೆಮ್ಮು, ಬಾಣಂತನ ಎಲ್ಲ ನೋಡಿದವರು ಅವರು. ನನ್ನ ಅಂಕಣ ತಪ್ಪದೆ ಓದುತ್ತಾರೆ. ಹೊಗಳಲು ಕರೆದಿರಬೇಕು ಅಂದುಕೊಂಡು ಹೋದೆ. (ಅದೂ ಖರೆ. ಯಾಕೆ ಮುಚ್ಚಿಡಲಿ?)

ಮೇಜಿನ ಮೇಲೆ ಪೇಪರ್ ಮಡಚಿಟ್ಟಿತ್ತು, ನನ್ನ ಹೆಸರು ಮೇಲೆ ಬರುವಂತೆ.

"ಮಾಸ್ತರ, ನಿಮ್ಮ ಹಳದಿ ರುಮಾಲಿನವ್ರು ಇವತ್ತ ಮತ್ತ ತೋರಸಾಕ ಬಂದಾರ, ಇಲ್ಲೇ ಅದಾರ" ಅಂದರು ಡಾಕ್ಟರು. ಪರದೆ ಸರಿಸಿದರು.

ಬೆಂಚಿನ ಮೇಲೆ ಅಂಗಿ ಬಿಚ್ಚಿ ಕೂತಿದ್ದವರು ನನ್ನನ್ನು ನೋಡಿದ ಕೂಡಲೇ ಅಂಗಿಯನ್ನು ಎದೆಗೆ ಹಿಡಿದು ಎದ್ದು ನಿಂತರು. ನನಗೆ ಜಾಗ ಬಿಟ್ಟು ಸರಿದರು.

"ಬರ್ರಿ ಮಾಸ್ತರ, ಕೂಡ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರ ಹೆಸರು ಸಂಗಪ್ಪ. (ಹೆಸರು ಹಾಕಿಯೇ ಬರೆಯಬೇಕು ಎಂದು ಅಪ್ಪಣೆಯಾಗಿದೆ. ಅಪ್ಪಣೆ ಕೊಟ್ಟವರು ಮುಂದೆ ಬರುತ್ತಾರೆ.) ತಿಕೋಟಾದವರು. ಗೌಂಡಿ ಕೆಲಸ. ಅಥಣಿ ರಸ್ತೆಯಲ್ಲಿ ಈಗ ಅಲ್ಲೊಂದು ಇಲ್ಲೊಂದು ಹೊಸ ಮನೆ ಏಳುತ್ತಿವೆಯಲ್ಲ, ಅಂಥದೊಂದರ ಗೋಡೆ ಕಟ್ಟುತ್ತಿದ್ದರು. ಬಸ್ಸಿನಿಂದ ಇಳಿಸಿದ ಮೇಲೆ ಬೇವಿನ ಗಿಡದ ಕೆಳಗೆ ಕುಸಿದಿದ್ದಾರೆ. ಬಹಳ ಹೊತ್ತಿನ ಮೇಲೆ ಶೇಂಗಾ ಚೀಲ ಹೇರಿಕೊಂಡು ಪೇಟೆಗೆ ಹೊರಟ ಒಂದು ಚಕ್ಕಡಿ ಬಂದಿದೆ. ಚಕ್ಕಡಿಯವರು ಚೀಲದ ಮೇಲೆ ಮಲಗಿಸಿಕೊಂಡು, ಎತ್ತಿನ ನಡಿಗೆಯಲ್ಲಿ ವಿಜಾಪುರ ಮುಟ್ಟಿಸಿ, ಈ ದವಾಖಾನೆಯ ಬಾಗಿಲಲ್ಲಿ ಇಳಿಸಿ ಹೋಗಿದ್ದಾರೆ.

ಡಾಕ್ಟರು ಸ್ಟೆಥಾಸ್ಕೋಪ್ ನನ್ನ ಕಿವಿಗೆ ಸಿಕ್ಕಿಸಿದರು. ಅದರ ತಟ್ಟೆಯನ್ನು ಸಂಗಪ್ಪನವರ ಎದೆಗೆ ಇಟ್ಟರು. "ಕೇಳ್ರಿ. ತಾಳ ಸಿಗ್ತೈತೇನು ನೋಡ್ರಿ."

ಕೇಳಿದೆ. ಎರಡು ಬಡಿತ ಒಂದರ ಬೆನ್ನಿಗೆ ಒಂದು ಓಡಿ ಬಂದವು. ಆಮೇಲೆ ಏನೂ ಇಲ್ಲ. ನಿಂತೇಹೋಯಿತೇನೋ ಎಂದು ನಾನು ತಲೆ ಎತ್ತುವಷ್ಟರಲ್ಲಿ ಧಡಧಡ ಎಂದು ಇನ್ನಷ್ಟು ಬಂದವು. ಮತ್ತೆ ಒಂದು ಸಣ್ಣದು. ಮತ್ತೆ ಬಿಡುವು. ಮುಂದಿನದು ಯಾವಾಗ ಎಂದು ಹೇಳುವಂತೆಯೇ ಇರಲಿಲ್ಲ. ಬೆರಳಿನಿಂದ ಮೇಜಿನ ಮೇಲೆ ಅದನ್ನು ತಟ್ಟಿ ತೋರಿಸಲು ಹೋದೆ. ಆಗಲಿಲ್ಲ. ಈ ಎದೆಯನ್ನು ಹೊತ್ತುಕೊಂಡು ಈ ಮನುಷ್ಯ ಗೋಡೆ ಏರುತ್ತಾರೆಯೇ? ಬಸ್ಸಿಗೆ ಓಡುತ್ತಾರೆಯೇ?

ಡಾಕ್ಟರು ತಿಳಿಸಿ ಹೇಳಿದರು. ಸಂಗಪ್ಪ ಸಣ್ಣವರಿದ್ದಾಗ ಕೀಲುಗಳು ಬಾತು ಜ್ವರ ಬಂದಿತ್ತಂತೆ. "ಜ್ವರ ಹೋತು, ಹೋಗೂಮುಂದ ಹಾರ್ಟಿನೊಳಗಿನ ಒಂದು ಬಾಗಲಾ ಕೆಡಿಸಿ ಹೋತು. ವಾಲ್ವ್ ಅಂತೀವಿ ನಾವು. ಅದು ಪೂರಾ ತೆರೆಯೂದಿಲ್ಲ. ರಕ್ತ ಮುಂದ ಹೋಗಾಕ ಆಗದ ಹಿಂದಿನ ಕೋಣ್ಯಾಗ ನಿಂತು ನಿಂತು, ಆ ಕೋಣಿ ಹಿಗ್ಗೇತಿ. ಅದರ ಗ್ವಾಡಿ ಎಳದಂಗ ಆಗೇತಿ."

"ಹಿಗ್ಗಿದ್ರ ತಾಳ ಯಾಕ ತಪ್ಪಬೇಕ್ರಿ?" ಎಂದು ಕೇಳಿದೆ.

"ಹಾರ್ಟಿನ ಮಾಂಸದ ಗುಣಾನ ಹಂಗ. ಎಳದ್ರ ಸುಮ್ನ ಇರೂದಿಲ್ಲ. ಒಂದು ಜಾಗಾದಿಂದ ಹುಕುಂ ಬರ್ತೈತಿ, ಉಳದದ್ದೆಲ್ಲಾ ಅದನ್ನ ಕೇಳಿ ಕೂಡೇ ಬಡೀಬೇಕು. ಎಳದೆಳದು ತೆಳ್ಳಗ ಆದ ಮಾಂಸ ಹುಕುಂ ಬರೂತನಕ ಕಾಯೂದಿಲ್ಲ. ಇಲ್ಲೊಂದು ಕಡೆ, ಅಲ್ಲೊಂದು ಕಡೆ ತಾನ ಮಿಡಿಯಾಕ ಶುರು ಮಾಡ್ತೈತಿ. ಸಣ್ಣ ಕೋಣ್ಯಾಗ ಭಜನಿ ನೋಡೀರಿಲ್ಲ? ಎಲ್ಲಾರ ಚಪ್ಪಾಳಿ ಕೂಡೇ ಬೀಳ್ತೈತಿ. ಅದ ದೊಡ್ಡ ಪೆಂಡಾಲದಾಗ ಹಿಂದ ಕೂತವ್ರಿಗೆ ಹಾಡು ತಡಾ ಕೇಳಸ್ತೈತಿ. ಒಬ್ಬೊಬ್ರು ಒಂದೊಂದು ತಾಳ ಹಾಕ್ತಾರ. ಕಡೀಕ ಮುಂದಿನವ್ರ ತಾಳಾನೂ ಕೆಡತೈತಿ."

ಆವತ್ತು ಏನಾಯಿತು ಎಂದು ಕೇಳುವುದು ಬೇಡವಾಗಿತ್ತು. ಆದರೂ ಕೇಳಿದೆ.

"ಮೊದಲ ಎಳದ ಕೋಣಿ. ಅದರ ಮ್ಯಾಲ ಬಸ್ಸಿಗೆ ಓಡಿ ಬಂದ್ರು. ಓಡಿದ್ರ ರಕ್ತ ಜೋರ ಬರ್ತೈತಿ, ಬಾಗಲಾ ಅಷ್ಟ ಇರ್ತೈತಿ. ಕೋಣಿ ಇನ್ನಷ್ಟು ಎಳೀತು. ತಾಳ ತಪ್ತು. ತಲಿಗೆ ರಕ್ತ ಸಾಲಲಿಲ್ಲ, ಅದಕ ತೂರಾಡಿದ್ರು. ಆವಾಗ ಕಾಲು ಚಾಚಿ ಕೂಡಬೇಕು, ಯಾರರೆ ಹಿಡ್ಕೋಬೇಕು." ಡಾಕ್ಟರು ಪೇಪರನ್ನು ನನ್ನ ಕಡೆ ಸರಿಸಿದರು. "ಹೆಗಲಿಗೆ ಒರಗಿದ್ರು ಅಂತ ನೀವ ಬರದೀರಲ್ಲ."

ಹೌದು, ಬರೆದಿದ್ದೆ. 'ನನ್ನ ಹೆಗಲನ್ನು ತಲೆದಿಂಬು ಮಾಡಿಕೊಂಡ' ಅಂತ.

ನಾನು ಸಂಗಪ್ಪನವರ ಕಡೆ ತಿರುಗಿ ಏನೋ ಹೇಳಿದೆ. ತಪ್ಪಾತು ಅಂದೆನೋ, ಗೊತ್ತಾಗಲಿಲ್ಲ ಅಂದೆನೋ ನೆನಪಿಲ್ಲ. ಮುಂದಿನ ವಾರವೇ ಪೇಪರಿನಲ್ಲಿ ಸರಿಪಡಿಸಿ ಬರೆಯುತ್ತೇನೆ ಅಂದದ್ದು ನೆನಪಿದೆ. ಅದನ್ನು ಕೇಳಿ ಅವರು ಗಾಬರಿಯಾದರು.

"ಬ್ಯಾಡ್ರಿ ಮಾಸ್ತರ. ಕುಡದಿದ್ದಾ ಅಂತನ ಇರ್ಲಿ ಬಿಡ್ರಿ. ಕುಡದಾವ್ನ ನೋಡಿ ನಾಕ ದಿನ ನಗತಾರ, ಮರೀತಾರ. ಎದಿ ರೋಗ ಐತಿ ಅಂದ್ರ ನಮ್ಮ ಮೇಸ್ತ್ರಿ ಗ್ವಾಡಿ ಮ್ಯಾಲ ಹತ್ತಸೂದಿಲ್ರಿ. ಆಮ್ಯಾಲ ನನ್ನ ಯಾರ ಕರೀತಾರ?"

ಗೋಡೆ ಹತ್ತುವುದು ಈಗ ಆಗಲೇಬಾರದು ಎಂದು ಡಾಕ್ಟರು ಗದರಿದರು. ಸಂಗಪ್ಪ ಅಂಗಿ ತೊಟ್ಟುಕೊಳ್ಳತೊಡಗಿದರು.

ಈಗ ಹೇಳುವ ಮಾತು ಕೇಳಿ. ಅವರು ಬೇಡ ಅಂದಾಗ ನನಗೆ ಏನನಿಸಿತು ಗೊತ್ತೇ? ಸಮಾಧಾನ. ಬದುಕಿದೆ ಅನಿಸಿತು. ಅವರೇ ಬೇಡ ಅಂದಮೇಲೆ ನಾನು ಬರೆಯಬೇಕಾಗಿಲ್ಲ, ನನ್ನ ಹೆಸರೂ ಕೆಡುವುದಿಲ್ಲ. ದವಾಖಾನೆಯಿಂದ ಹೊರಗೆ ಬರುವಾಗ ಹಗುರಾಗಿದ್ದೆ. ಹೋದ ವಾರ ಸೀತನಿಯ ಬಗ್ಗೆ ಬರೆದೆ. ಎಳೆಯ ಜೋಳದ ತೆನೆ, ಕುಳ್ಳಿನ ಕೆಂಡ, ಶೇಂಗಾ ಹಿಂಡಿ. ನಿಮ್ಮ ಬಾಯಲ್ಲಿ ನೀರೂರಿತಂತೆ. ಒಳ್ಳೆಯದು.

ಅದು ಅಚ್ಚಾದ ಮೇಲಿನ ಶನಿವಾರ ಇನಾಮದಾರರು ಮತ್ತೆ ಕರೆದರು. "ಸಂಗಪ್ಪ ಗುಳಿಗಿ ಒಯ್ಯಾಕ ಬರಬೇಕಿತ್ತು, ಬಂದಿಲ್ಲ. ತಪ್ಪಸೂ ಹಂಗ ಇಲ್ಲ ಅವು. ನೀವು ನಾಳೆ ತಿಕೋಟಾಕ್ಕ ಹೊಂಟೀರಲ್ಲ, ಕೊಟ್ಟು ಬರ್ರಿ" ಅಂದರು.

ಅಕ್ಕನ ಮನೆಯ ಹಿಂದಿನ ಓಣಿಯಲ್ಲೇ ಸಂಗಪ್ಪನವರ ಮನೆ. ಬಾಗಿಲು ತೆರೆದಿತ್ತು. ಒಲೆ ಉರಿದ ಗುರುತಿರಲಿಲ್ಲ. ಗೋಡೆಗೆ ಒರಗಿ ಕೂತಿದ್ದರು. ಮುಂದೆ ನಿನ್ನೆಯದೋ ಮೊನ್ನೆಯದೋ ಕಟಕರೊಟ್ಟಿ ಇತ್ತು, ಅದಕ್ಕೂ ಕೈ ಹಾಕಿದಂತಿರಲಿಲ್ಲ. ಗುಳಿಗೆ ಕೊಟ್ಟೆ. ಮನೆಯವರು ಎಲ್ಲಿ ಎಂದು ಕೇಳಿದೆ.

"ತವರಿಗೆ ಹೋಗ್ಯಾಳ್ರಿ, ಬಬಲೇಶ್ವರಕ್ಕ."

"ಸಂಕ್ರಮಣಕ್ಕೇನ್ರಿ?"

ಗುಳಿಗೆಯ ಪೊಟ್ಟಣ ಬಿಚ್ಚಿ ನೋಡಿ ಮತ್ತೆ ಮಡಚಿದರು. ಮತ್ತೆ ಕೇಳಿದೆ. ಬಹಳ ಹೊತ್ತು ಎಳೆದಾಡಿದ ಮೇಲೆ ಹೇಳಿದರು.

ಅವರ ಹೆಂಡತಿ ನೀಲವ್ವ. ನೀಲವ್ವನ ಅಣ್ಣ ರಾಮಪ್ಪ ಬಬಲೇಶ್ವರದಲ್ಲಿ ಸಣ್ಣ ಅಂಗಡಿ ಇಟ್ಟುಕೊಂಡವರು, ಪೇಪರ್ ತರಿಸಿ ಓದುವವರು. ನಾನು ಹೆಸರು ಬರೆದಿರಲಿಲ್ಲ ನಿಜ. ಆದರೆ ಹಳದಿ ರುಮಾಲು, ತಿಕೋಟಾ, ಗೌಂಡಿಯ ಚೀಲ, ಸೋಮವಾರದ ಬಸ್ಸು, ಇಷ್ಟು ಬರೆದಿದ್ದೆ. ಇನ್ನು ಹೆಸರೇಕೆ ಬೇಕು? ರಾಮಪ್ಪ ಪೇಪರ್ ಹಿಡಿದೇ ತಿಕೋಟಾಕ್ಕೆ ಬಂದರಂತೆ. ಓಣಿಯವರ ಮುಂದೆ ಓದಿದರಂತೆ. "ಕುಡುಕನ ಮನ್ಯಾಗ ನಮ್ಮ ತಂಗಿ ಇರೂದಿಲ್ಲ" ಎಂದು ಕರೆದುಕೊಂಡು ಹೋದರಂತೆ.

"ನೀವು ಖರೇ ಹೇಳಬೇಕಿಲ್ರಿ?" ಅಂದೆ.

"ಏನ್ ಹೇಳ್ಲಿರಿ? ರೋಗ ಐತಿ ಅಂದ್ರ ಆಕಿ ಹೆದರತಾಳ. ಕುಡದಿದ್ದೆ ಅಂದೆ."

ನನ್ನ ಸುಳ್ಳನ್ನು ಅವರು ತಮ್ಮ ಮನೆಯಲ್ಲಿ ಇಟ್ಟುಕೊಂಡು ಸಾಕುತ್ತಿದ್ದರು. ನಾನು ಸೀತನಿ ತಿನ್ನುತ್ತಿದ್ದೆ.

ನಾನೇ ಬಬಲೇಶ್ವರಕ್ಕೆ ಹೋಗಿ ಹೇಳಲೇ ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. ಮತ್ತೂ ಕೇಳಿದೆ. ಕೊನೆಗೆ, "ಆಕಿಗೆ ಅಷ್ಟ ಹೇಳ್ರಿ" ಅಂದರು.

ಮಂಗಳವಾರ ಸಾಲೆಗೆ ರಜೆ ಹಾಕಿ ಬಬಲೇಶ್ವರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಮಾತು ಜೋಡಿಸುವುದೇ ನನ್ನ ಕಸುಬಲ್ಲವೇ? ಬಸ್ಸಿನಿಂದ ಇಳಿದಾಗ ಒಂದೂ ಉಳಿದಿರಲಿಲ್ಲ.

ರಾಮಪ್ಪ ಅಂಗಡಿಯಲ್ಲೇ ಸಿಕ್ಕರು. ನಾನು ಯಾರೆಂದು ಹೇಳಿದ್ದೇ ತಡ, ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. "ಮಾಸ್ತರ, ನೀವು ಬರದದ್ದಕ್ಕ ನಮಗ ಗೊತ್ತಾತ್ರಿ. ಇಲ್ಲಂದ್ರ ನಮ್ಮ ತಂಗಿ ಹಂಗ ಮುಚ್ಚಿಟ್ಕೊಂಡು ಇರ್ತಿದ್ಲು" ಅಂದರು. ಅಂಗಡಿಯ ಹಿಂದೆಯೇ ಮನೆ. ಒಳಗೆ ಕರೆದೊಯ್ದು ಜಮಖಾನೆ ಹಾಸಿದರು. ಚಹಾ ತರಿಸಿದರು, ಚೂಡಾ ತರಿಸಿದರು. ಇಷ್ಟು ಉಪಚಾರ ನನಗೆ ಯಾವ ಸಭೆಯಲ್ಲೂ ಆಗಿರಲಿಲ್ಲ.

ನೀಲವ್ವ ಮೂಲೆಯಲ್ಲಿ ಮೊರದಲ್ಲಿ ಎಳ್ಳು ಹಸನು ಮಾಡುತ್ತ ಕೂತಿದ್ದರು. ತಲೆ ಎತ್ತಲಿಲ್ಲ. ಅವರೊಬ್ಬರಿಗೇ ಹೇಳಬೇಕಿತ್ತು. ಆದರೆ ಬಂದ ಅತಿಥಿಯನ್ನು ಬಿಟ್ಟು ಅಣ್ಣ ಏಳುವ ಹಾಗೆ ಕಾಣಲಿಲ್ಲ. ಚಹಾ ಆರುತ್ತಿತ್ತು. ಇಬ್ಬರ ಮುಂದೆಯೂ ಹೇಳಿಬಿಟ್ಟೆ. ಬಸ್ಸು, ವಾಂತಿ, ನನ್ನ ಅಂಗಿ, ಬೇವಿನ ಗಿಡ, ಚಕ್ಕಡಿ, ದವಾಖಾನೆ, ಹಿಗ್ಗಿದ ಕೋಣೆ. ಮೈಲಿಗಲ್ಲು ಸುಳ್ಳು ಅನ್ನುವುದನ್ನೂ ಹೇಳಿದೆ.

ರಾಮಪ್ಪ ಗೂಡಿನಿಂದ ಪೇಪರ್ ತೆಗೆದರು. ಆ ಪುಟ ನೋಡಿದರು, ನನ್ನನ್ನು ನೋಡಿದರು.

"ಕುಡದಾನ ಅಂತ ಬರದವ್ರೂ ನೀವ, ಕುಡದಿಲ್ಲ ಅನ್ನವ್ರೂ ನೀವ. ಯಾವ್ದ ಖರೇ ಅಂತ ತಿಳಕೊಳ್ಳೂಣ್ರಿ?"

ವ್ಯಂಗ್ಯಕ್ಕೆ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ತಿಳಿಯದಾಗಿತ್ತು. ಅಚ್ಚಾದದ್ದನ್ನು ನಂಬುವವರು ಅವರು. ಎದುರಿಗೆ ಕೂತು ಬಾಯಿಮಾತು ಹೇಳುವ ಮಾಸ್ತರನನ್ನು ನಂಬಲು ಅವರಿಗೆ ಯಾವ ಕಾರಣವಿತ್ತು?

ಆಗ ನೀಲವ್ವ ಮೊರ ಕೆಳಗಿಟ್ಟರು.

"ನಾ ಆವತ್ತ ಹೇಳಿದ್ನಲ್ಲೋ ಅಣ್ಣಾ" ಅಂದರು. "ಬಸ್ಸಿನಿಂದ ಇಳಿಸಿದ ದಿನ ಸಂಜಿಕೆ ಮನಿಗೆ ಬಂದಾಗ ಬಾಯಿ ಹತ್ರ ಮಾರಿ ಒಯ್ದು ನೋಡಿದ್ದೆ. ದಾರೂ ವಾಸನಿ ಇರಲಿಲ್ಲ. ನಮ್ಮಪ್ಪ ಕುಡೀತಿದ್ದ, ಆ ವಾಸನಿ ನಮಗ ಗೊತ್ತಿಲ್ಲೇನು? ಇಲ್ಲ ಅಂತ ಬಡಕೊಂಡೆ. ನೀ ಏನಂದಿ? ಪೇಪರನ್ಯಾಗ ಬಂದೈತಿ, ನೀ ಸುಮ್ನಿರು ಅಂದಿ. ಅವನೂ ಹೌದು ಕುಡದಿದ್ದೆ ಅಂದ. ಇಬ್ಬರೂ ಕೂಡಿ ನನ್ನ ಸುಳ್ಳಿ ಮಾಡಿದ್ರಿ."

'ಇಬ್ಬರೂ' ಅಂದರು. ನನ್ನನ್ನು ಸೇರಿಸಲಿಲ್ಲ. ಅತಿಥಿಯ ಮರ್ಯಾದೆ ಅದು.

ಕಟ್ಟಿಕೊಂಡ ಗಂಡನ ಬಾಯಿ ಮೂಸಿ ನೋಡಿ ಒಬ್ಬ ಹೆಂಗಸು ಹೇಳಿದ ಮಾತು ಬಿದ್ದುಹೋಯಿತು. ಅಂಗಿ ಹೊಲಸಾಯಿತೆಂದು ಸಿಟ್ಟಿಗೆದ್ದ ಮಾಸ್ತರ ಬರೆದದ್ದು ನಿಂತಿತು. ವಾರವಾರ ಬರೆಯುತ್ತೇನಲ್ಲ, ಈ ಬರಹಕ್ಕೆ ಇಷ್ಟು ಬಲ ಇದೆ ಎಂದು ಹೆಮ್ಮೆಪಡಬೇಕೇ?

ನೀಲವ್ವ ರೋಗದ ಬಗ್ಗೆ ಕೇಳಿದರು. ಗುಳಿಗೆಯಿಂದ ಎದೆ ಬಡಿತದ ಓಟ ಸ್ವಲ್ಪ ತಗ್ಗಿದೆ, ತಾಳ ಇನ್ನೂ ಕೂಡಿಲ್ಲ, ಮಿರಜಕ್ಕೆ ಕಳಿಸಿ ದೊಡ್ಡ ಡಾಕ್ಟರಿಗೆ ತೋರಿಸಬೇಕು ಎನ್ನುತ್ತಾರೆ ಇನಾಮದಾರರು, ಎಂದು ಹೇಳಿದೆ. ಮೇಸ್ತ್ರಿಗೆ ಗೊತ್ತಾದರೆ ಗೋಡೆಯ ಕೆಲಸ ಹೋಗುತ್ತದೆಂದು ಸಂಗಪ್ಪ ಹೆದರಿದ್ದನ್ನೂ ಹೇಳಿದೆ.

"ಹೋಗ್ಲೇಳ್ರಿ" ಅಂದರು. "ಗ್ವಾಡಿ ಮ್ಯಾಲಿಂದ ಬಿದ್ರ ಮೇಸ್ತ್ರಿ ಬಂದು ನೋಡ್ತಾನೇನು? ನೀವು ಪೇಪರನ್ಯಾಗ ಬರೀರಿ. ಅಲ್ಲೇ ಬರೀರಿ. ಹೆಸರು ಹಾಕೇ ಬರೀರಿ. ಆವಾಗ ಹೆಸರಿಲ್ಲದ ಬರದ್ರಿ, ಮಂದಿ ತಾವ ಹೆಸರು ಹಚ್ಕೊಂಡ್ರು."

ಅಪ್ಪಣೆ ಅವರದು. ನೀವು ಓದುತ್ತಿರುವುದು ಅದನ್ನೇ. ಸಂಗಪ್ಪನವರನ್ನೂ ಆಮೇಲೆ ಕೇಳಿದೆ. "ಆಕಿ ಹೇಳ್ಯಾಳಂದ್ರ ಬರೀರಿ" ಅಂದರು.

ಪೇಪರಿನಲ್ಲಿ ಬಂದ ಮೇಲೆ ಕಳಿಸಿದರಾಯಿತು ಎಂಬುದು ರಾಮಪ್ಪನವರ ಮನಸ್ಸಿನಲ್ಲಿತ್ತು. ನೀಲವ್ವ ಅಲ್ಲಿಯವರೆಗೆ ನಿಲ್ಲಲಿಲ್ಲ. ಗಂಟು ಕಟ್ಟಿಕೊಂಡು ನನ್ನ ಜೊತೆಗೇ ಹೊರಟರು. ಅಣ್ಣನೇ ಬಸ್‌ಸ್ಟ್ಯಾಂಡಿನವರೆಗೆ ಗಂಟು ಹೊತ್ತು ತಂದಿಟ್ಟು ಅಂಗಡಿಗೆ ಮರಳಿದರು.

ಮುಂದೇನಾಯಿತು ಎಂದು ನೀವು ಕೇಳುತ್ತೀರಿ. ಗುರುವಾರ ಗಂಡ ಹೆಂಡತಿ ಮಿರಜಕ್ಕೆ ಹೋಗಿದ್ದಾರೆ. ಅಲ್ಲಿ ಎದೆಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುವ ಯಂತ್ರ ಇದೆ. ಅದನ್ನು ನೋಡಿ, ಬೇಕಾದರೆ ಕೆಟ್ಟ ಬಾಗಿಲನ್ನು ಬಿಡಿಸುವ ಆಪರೇಶನ್ನಿಗೆ ಮುಂಬಯಿಗೆ ಕಳಿಸುತ್ತಾರಂತೆ. ಇದನ್ನು ಬರೆಯುವ ಹೊತ್ತಿಗೆ ಸುದ್ದಿ ಬಂದಿಲ್ಲ. ಅಥಣಿ ರಸ್ತೆಯ ಮೇಸ್ತ್ರಿಯನ್ನು ನಾನೇ ಹೋಗಿ ಕಂಡೆ. ಒಳ್ಳೆಯ ಮನುಷ್ಯ. "ಗ್ವಾಡಿ ಮ್ಯಾಲ ಹತ್ತಸೂದಿಲ್ರಿ ಮಾಸ್ತರ, ನಾಳೆ ಏನರೆ ಆದ್ರ ನಾ ಸಿಕ್ಕಿ ಬೀಳ್ತೇನಿ. ಕೂತು ನೆಲಕ್ಕ ಫರಸಿ ಹಾಸೂ ಕೆಲಸ ಬಂದ್ರ ಕರೀತೇನಿ" ಅಂದರು. ಬಂದರೆ. ಸಂಗಪ್ಪ ಹೆದರಿದ್ದು ಸುಳ್ಳಾಗಿರಲಿಲ್ಲ.

ಹುಸೇನಸಾಬರಿಗೂ ಹೇಳಿದೆ, ನೀವು ಅಂದದ್ದೇ ಖರೆ ಆಗಿತ್ತು, ನಾನು ಬೆದರಿಸಿದ್ದು ತಪ್ಪು ಅಂತ. ಅವರು ಟಿಕೆಟ್ಟಿನ ಪೆಟ್ಟಿಗೆ ಮುಚ್ಚಿದರು. "ಸೀಟಿ ಊದಿದಾಂವ ನಾನ ಅಲ್ಲೇನ್ರಿ?" ಅಂದರು. ಅವರಿಗೆ ಹಾಗನ್ನಿಸುವಂತೆ ಮಾಡಿದವನೂ ನಾನೇ.

ಇಲ್ಲಿಗೆ ಮುಗಿಸಬಹುದಿತ್ತು. ತಪ್ಪು ಮಾಡಿದೆ, ಹೋಗಿ ಹೇಳಿದೆ, ಮುರಿದ ಮನೆ ಕೂಡಿತು, ಪೇಪರಿನಲ್ಲಿ ಒಪ್ಪಿಕೊಂಡೆ. ಇನ್ನೊಮ್ಮೆ ನೀವು ಬೆನ್ನು ಚಪ್ಪರಿಸಲು ಇಷ್ಟು ಸಾಕು. ಆದರೆ ಬಬಲೇಶ್ವರದ ಬಸ್‌ಸ್ಟ್ಯಾಂಡಿನ ಒಂದು ಮಾತು ಬಿಟ್ಟಿದ್ದೇನೆ.

ಬಸ್ಸು ತಡವಾಗಿತ್ತು. ನೀಲವ್ವ ಗಂಟನ್ನು ಕಾಲ ಬಳಿ ಇಟ್ಟುಕೊಂಡು ನಿಂತಿದ್ದರು. ಮಾತು ಅವರ ಅಪ್ಪನ ಕಡೆಗೆ ಹೊರಳಿತು. ಕುಡಿಯುತ್ತಿದ್ದರಂತೆ, ಕುಡಿದರೆ ಹಾಡುತ್ತಿದ್ದರಂತೆ. ಮಗಳ ಮೇಲೆ ಎಂದೂ ಕೈ ಎತ್ತಿದವರಲ್ಲ. ಒಂದು ದಿನ ಹೊಲದ ದಾರಿಯಲ್ಲಿ ಬಿದ್ದಿದ್ದರು. ಜನ ನೋಡಿದರು, ಕುಡಿದು ಮಲಗಿದ್ದಾನೆ ಎಂದು ದಾಟಿ ಹೋದರು. ಕುಡಿದದ್ದು ನಿಜ. ಹಾವು ಕಡಿದದ್ದೂ ನಿಜ.

ಇದನ್ನು ಅವರು ಅಳದೆ ಹೇಳಿದರು. ನಾನು ನಾಲ್ಕು ಸಮಾಧಾನದ ಮಾತು ಹೇಳಿ, ನಿಮ್ಮ ಗಂಡನ ವಿಷಯದಲ್ಲಿ ಹಾಗಾಗಲಿಲ್ಲವಲ್ಲ, ಅವರು ಕುಡಿದಿರಲಿಲ್ಲ ಎಂದು ನಾನು ಊರಿಗೆಲ್ಲ ತಿಳಿಯುವಂತೆ ಬರೆಯುತ್ತೇನೆ ಅಂದೆ. ಅವರು ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು.

"ಮಾಸ್ತರ, ಸಿಟ್ಟಾಗಬ್ಯಾಡ್ರಿ, ಒಂದು ಮಾತು ಕೇಳ್ತೇನಿ. ಆವತ್ತ ನೀವು ಬಸ್ಸಿನಿಂದ ಇಳಿಸಿದ್ದು ನಮ್ಮಪ್ಪನ್ನ ಆಗಿದ್ರ, ಖರೇನ ಕುಡದಿದ್ರ, ಇವತ್ತ ನೀವು ಇಲ್ಲಿಗೆ ಬರ್ತಿದ್ರೇನ್ರಿ?"